ಅಕ್ವೇರಿಯಂ ಕ್ಯಾಬಿನೆಟ್ ಒಳಗಿನ ವೈರ್‌ಗಳು: ನೀರು ಪ್ಲಗ್ ಮುಟ್ಟದ ಹಾಗೆ ಜೋಡಿಸುವುದು ಹೇಗೆ

ಮೂರಡಿ ಟ್ಯಾಂಕ್ ಇಟ್ಟವರ ಮನೆಯಲ್ಲಿ ಕ್ಯಾಬಿನೆಟ್ ಬಾಗಿಲು ತೆಗೆದು ನೋಡಿ. ನೆಲದ ಮೇಲೆ ಬಿದ್ದಿರುವ ಒಂದು ಎಕ್ಸ್‌ಟೆನ್ಷನ್ ಬೋರ್ಡ್, ಅದಕ್ಕೆ ಅಂಟಿಕೊಂಡೇ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕ್ ಹೊರಗೆ ಕೂರುವ, ಮುಚ್ಚಿದ ಡಬ್ಬಿಯಂಥ ಫಿಲ್ಟರ್), ಅದರ ಮೇಲೊಂದು ಒದ್ದೆ ಬಟ್ಟೆ, ಹಿಂದೆ ಯಾವುದು ಯಾವುದರದ್ದು ಅಂತ ಗೊತ್ತಾಗದ ಏಳೆಂಟು ಕಪ್ಪು ವೈರ್. ನೋಡೋಕೆ ಚೆನ್ನಾಗಿಲ್ಲ ಅನ್ನುವುದು ದೊಡ್ಡ ವಿಷಯ ಅಲ್ಲ, ಬಾಗಿಲು ಮುಚ್ಚಿದರೆ ಯಾರಿಗೂ ಕಾಣಲ್ಲ. ಫಿಲ್ಟರ್ ಮುಚ್ಚಳದಿಂದ ಅರ್ಧ ಲೋಟ ನೀರು ಚೆಲ್ಲಿದರೂ ಅದು ಮೊದಲು ಹೋಗುವುದು ಆ ಬೋರ್ಡ್ ಕಡೆಗೆ. ನಿಜವಾದ ತೊಂದರೆ ಅದು.

ಹಾಗಾಗಿ ವೈರ್ ಜೋಡಿಸುವಾಗ ಎರಡು ಮಾತು ತಲೆಯಲ್ಲಿದ್ದರೆ ಸಾಕು. ಒಂದು, ವೈರ್ ಮೇಲೆ ಹರಿದು ಬರುವ ನೀರು ಪ್ಲಗ್ ತಲುಪುವ ಮುಂಚೆಯೇ ಕೆಳಗೆ ಬೀಳಬೇಕು. ಎರಡು, ಯಾವ ಸಾಮಾನಿನ ವೈರ್ ಆದರೂ ಉಳಿದವನ್ನು ಮುಟ್ಟದೆ ಒಂದೇ ಬಿಡಿಯಾಗಿ ಹೊರಗೆ ಬರಬೇಕು. ಎರಡನೆಯದನ್ನು ಜನ ಮರೆಯುತ್ತಾರೆ. ಎಲ್ಲ ವೈರ್ ಸೇರಿಸಿ ಜಿಪ್ ಟೈ ಹಾಕಿ ಬಿಗಿದು, ಫೋಟೋ ತೆಗೆದು ಖುಷಿಪಡುತ್ತಾರೆ. ಮುಂದಿನ ತಿಂಗಳು ಫಿಲ್ಟರ್ ತೊಳೆಯಲು ಹೊರಗೆ ತೆಗೆಯಬೇಕಾದಾಗ ಕತ್ತರಿ ತಗೊಂಡು ಎಲ್ಲ ಕತ್ತರಿಸುತ್ತಾರೆ. ಆಮೇಲೆ ಮತ್ತೆ ಕಟ್ಟುವುದೇ ಇಲ್ಲ.

ಇಲ್ಲಿ ಹೇಳುತ್ತಿರುವುದು ಸಿಹಿನೀರಿನ ಮೂರಡಿ ಟ್ಯಾಂಕ್ ಲೆಕ್ಕದಲ್ಲಿ. ಚಿಕ್ಕದು, ದೊಡ್ಡದು ಇದ್ದರೂ ವಿಧಾನ ಇದೇ.

ಮೊದಲು ಲೋಡ್ ಲೆಕ್ಕ

"ಒಂದೇ ಬೋರ್ಡ್‌ಗೆ ಇಷ್ಟೊಂದು ಹಾಕಿದರೆ ಸುಟ್ಟುಹೋಗಲ್ವಾ?" ಅಂತ ತುಂಬಾ ಜನ ಹೆದರುತ್ತಾರೆ. ಲೆಕ್ಕ ಹಾಕಿ ನೋಡೋಣ. ಹೀಟರ್ 200 ವ್ಯಾಟ್, ಕ್ಯಾನಿಸ್ಟರ್ ಫಿಲ್ಟರ್ 20 ವ್ಯಾಟ್, ಎಲ್‌ಇಡಿ ಲೈಟ್ 40, ಏರ್ ಪಂಪ್ 4 ಅಥವಾ 5, ಯುವಿ ಲ್ಯಾಂಪ್ ಇದ್ದರೆ ಇನ್ನೊಂದು 9. ಎಲ್ಲ ಸೇರಿ 275 ವ್ಯಾಟ್ ಹತ್ತಿರ. ನಮ್ಮ 230 ವೋಲ್ಟ್ ಲೈನ್‌ನಲ್ಲಿ ಇದು ಸುಮಾರು 1.2 ಆಂಪಿಯರ್. ಮಾಮೂಲಿ 6 ಆಂಪಿಯರ್ ಸಾಕೆಟ್ 1380 ವ್ಯಾಟ್ ತನಕ ಕೊಡುತ್ತದೆ. ಅಂದರೆ ಮಿಕ್ಸಿ ಇಡುವ ಸಾಕೆಟ್‌ನಲ್ಲೇ ಇಡೀ ಟ್ಯಾಂಕ್ ಆರಾಮಾಗಿ ಓಡುತ್ತದೆ. ನೀರು ತಣ್ಣಗಿಡುವ ಚಿಲ್ಲರ್ ಇಟ್ಟವರು ಮಾತ್ರ ಅದಕ್ಕೆ ಬೇರೆ ಲೈನ್ ಎಳೆಸಿಕೊಳ್ಳಬೇಕು.

ಮತ್ತೆ ಬೋರ್ಡ್‌ಗಳು ಸುಡುವುದು ಏಕೆ? ಮುಖ್ಯ ಕಾರಣ ಸಡಿಲ ಸಾಕೆಟ್. ಮೀನಿನ ಸಾಮಾನುಗಳಲ್ಲಿ ಜಾಸ್ತಿ ಪಾಲು ಚೀನಾದಿಂದ ಬರುತ್ತವೆ, ಚಪ್ಪಟೆ ಪಿನ್ ಅಥವಾ ತೆಳ್ಳಗಿನ ಎರಡು ಪಿನ್ ಇರುತ್ತವೆ. ಎಲ್ಲ ತರದ ಪಿನ್ನೂ ಹಿಡಿಯುತ್ತೆ ಅನ್ನುವ ಯೂನಿವರ್ಸಲ್ ಸಾಕೆಟ್ ಯಾವ ಪಿನ್ನನ್ನೂ ಗಟ್ಟಿಯಾಗಿ ಹಿಡಿಯಲ್ಲ. ವೈರ್ ಭಾರಕ್ಕೆ ಪ್ಲಗ್ ಜೋತುಬೀಳುತ್ತದೆ, ಒಳಗೆ ಸಣ್ಣದಾಗಿ ಕಿಡಿ ಹಾರುತ್ತದೆ, ಪ್ಲಾಸ್ಟಿಕ್ ಹಳದಿಯಾಗಿ ಆಮೇಲೆ ಕಂದುಬಣ್ಣಕ್ಕೆ ತಿರುಗುತ್ತದೆ. ಹೀಟರ್ ಪ್ಲಗ್‌ನಲ್ಲಿ ಇದು ಬೇಗ ಆಗುತ್ತದೆ, ಏಕೆಂದರೆ ಇರುವುದರಲ್ಲಿ ಜಾಸ್ತಿ ಕರೆಂಟ್ ಎಳೆಯುವುದು ಅದೇ, ದಿನಕ್ಕೆ ಹತ್ತಾರು ಸಲ ಆನ್ ಆಫ್ ಆಗುವುದೂ ಅದೇ. ಇದಕ್ಕೆ ಮದ್ದು ಸುಲಭ. ಹೀಟರ್ ಮತ್ತು ಫಿಲ್ಟರ್ ಎರಡಕ್ಕೂ ಗುಂಡು ಪಿನ್ನಿನ ಒಳ್ಳೆಯ 6 ಆಂಪಿಯರ್ ಪ್ಲಗ್ ಹಾಕಿಸಿಬಿಡಿ. ವಾರಂಟಿ ಹೋಗುತ್ತೆ ಅನ್ನುವ ಚಿಂತೆ ಇದ್ದರೆ ಗಟ್ಟಿ ಹಿಡಿತದ ಕನ್ವರ್ಶನ್ ಪ್ಲಗ್ ತಗೊಳ್ಳಿ, ರಸ್ತೆ ಬದಿಯ ಹತ್ತು ರೂಪಾಯಿದು ಬೇಡ.

ಎಲ್ಲ ಕಿತ್ತು ಹೊರಗೆ ಹಾಕಿ

ಇದ್ದದ್ದರ ಮೇಲೇ ತೇಪೆ ಹಾಕುತ್ತಾ ಹೋದರೆ ಕೆಲಸ ಆಗಲ್ಲ. ಮೊದಲು ಬೋರ್ಡ್ ಸಿಕ್ಕಿಸಿರುವ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಹೀಟರ್ ತಣ್ಣಗಾಗಲು 20 ನಿಮಿಷ ಬಿಡಿ. ಆಮೇಲೆ ಒಂದೊಂದೇ ವೈರ್ ಎಳೆದು ಬಿಡಿಸಿ. ಫಿಲ್ಟರ್ ಸ್ವಲ್ಪ ಹೊತ್ತು ನಿಂತರೆ ಮೀನಿಗೆ ಏನೂ ಆಗಲ್ಲ, ಆದರೆ ಅರ್ಧ ದಿನ ಎಳೆಯಬೇಡಿ. ಮುಚ್ಚಿದ ಕ್ಯಾನಿಸ್ಟರ್ ಒಳಗೆ ಆಮ್ಲಜನಕ ಖಾಲಿಯಾದರೆ ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯಲು ಶುರುವಾಗುತ್ತದೆ. ಅದಕ್ಕೇ ಮಧ್ಯಾಹ್ನ ಊಟ ಮುಗಿಸಿ ಕೂತರೆ ಸಂಜೆ ಕಾಫಿಗೆ ಮುಗಿಯಬೇಕು. ಬೋರ್ಡ್ ಕೆಲಸಕ್ಕೆ ಬೇಕಾದದ್ದೆಲ್ಲ ಮೊದಲೇ ತಂದಿಟ್ಟುಕೊಂಡಿರಿ.

ವೈರ್ ಎಳೆಯುವಾಗಲೇ ಬೆರಳಲ್ಲಿ ಸವರಿ ನೋಡಿ. ಎಲ್ಲಾದರೂ ಸೀಳು, ಹಲ್ಲಿನ ಗುರುತು, ಗಟ್ಟಿಯಾದ ಜಾಗ ಇದ್ದರೆ ಅದನ್ನು ಟೇಪ್ ಸುತ್ತಿ ವಾಪಸ್ ಹಾಕಬೇಡಿ. ನೀರಿನೊಳಗೆ ಮುಳುಗುವ ಸಾಮಾನಿಗಂತೂ ಇನ್ಸುಲೇಶನ್ ಟೇಪ್ ಕೆಲಸಕ್ಕೆ ಬರಲ್ಲ. ಆ ಸಾಮಾನು ಹೋಯಿತು ಅಂತಲೇ ಲೆಕ್ಕ.

ಬೋರ್ಡ್ ಎಲ್ಲಿ ಇರಬೇಕು

ಸಾಧ್ಯವಾದರೆ ಕ್ಯಾಬಿನೆಟ್ ಒಳಗೇ ಬೇಡ. ಪಕ್ಕದ ಗೋಡೆಯ ಮೇಲೆ, ಟ್ಯಾಂಕ್‌ನಿಂದ ಒಂದಡಿ ಆಚೆ ಬೋರ್ಡ್ ಕೂರಿಸಿದರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಓನರ್ ಬಿಡಲ್ಲ, ಹಾಗಾಗಿ ಜಾಸ್ತಿ ಜನ ಒಳಗೇ ಇಡುತ್ತಾರೆ. ಇಡಿ, ಆದರೆ ಈ ಲೆಕ್ಕದಲ್ಲಿ.

ಕ್ಯಾಬಿನೆಟ್ಟನ್ನು ಮನಸ್ಸಿನಲ್ಲೇ ಎರಡು ಭಾಗ ಮಾಡಿಕೊಳ್ಳಿ. ಒಂದು ಬದಿ ನೀರಿಗೆ, ಇನ್ನೊಂದು ಬದಿ ಕರೆಂಟಿಗೆ. ಫಿಲ್ಟರ್, ಅದರ ಪೈಪು, ಬಕೆಟ್, ಔಷಧಿ ಬಾಟಲಿ ಎಲ್ಲ ಎಡಕ್ಕೆ ಹೋದರೆ ಬೋರ್ಡ್ ಬಲಗಡೆಯ ಒಳಗೋಡೆಗೆ. ಹಿಂಗೋಡೆಗೆ ಬೋರ್ಡ್ ಹಾಕಬೇಡಿ. ಟ್ಯಾಂಕ್ ಸೋರಿದರೆ, ಅಥವಾ ನೀರು ಬದಲಿಸುವಾಗ ಹಿಂದೆ ಚೆಲ್ಲಿದರೆ, ನೀರು ಇಳಿಯುವುದು ಅಲ್ಲೇ. ಬಾಗಿಲ ಒಳಮೈಗೂ ಬೇಡ, ತೆಗೆದು ಮುಚ್ಚುವಾಗ ವೈರ್ ಸವೆಯುತ್ತದೆ.

ಎತ್ತರ ಎಷ್ಟು? ಫಿಲ್ಟರ್ ತಲೆಗಿಂತ ಮೇಲೆ. ಇದು ಕನಿಷ್ಠ. ಆದರೆ ತೀರಾ ಮೇಲೆ, ಸೂರಿಗೆ ತಾಗುವ ಹಾಗೆ ಇಟ್ಟರೆ ಮೇಲಿಂದ ಬರುವ ವೈರ್‌ಗೆ ತಿರುಗಿ ಬಾಗಲು ಜಾಗ ಇರಲ್ಲ. ಎರಡೂವರೆ ಅಡಿ ಎತ್ತರದ ಕ್ಯಾಬಿನೆಟ್ ಆದರೆ ನೆಲದಿಂದ ಒಂದೂವರೆ ಅಡಿ ಮೇಲೆ ಸರಿಹೋಗುತ್ತದೆ. ಸಾಕೆಟ್‌ನ ತೂತುಗಳು ಪಕ್ಕಕ್ಕೆ ನೋಡುತ್ತಿರಬೇಕು. ಆಕಾಶ ನೋಡುತ್ತಾ ಅಂಗಾತ ಬಿದ್ದಿರುವ ಬೋರ್ಡ್‌ಗಿಂತ ಕೆಟ್ಟದ್ದು ಇನ್ನೊಂದಿಲ್ಲ.

ಸ್ಪೈಕ್ ಗಾರ್ಡ್ ಸ್ಕ್ರೂ ಹಾಕಿ ನೇತುಹಾಕಿದರೂ ನಡೆಯುತ್ತದೆ. ನನ್ನ ಕೇಳಿದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಗ್ಯಾಂಗ್ ಬಾಕ್ಸ್ ತಂದು, ಅದರಲ್ಲಿ ಪ್ರತಿ ಸಾಕೆಟ್‌ಗೂ ಬೇರೆ ಸ್ವಿಚ್ ಕೂರಿಸಿಕೊಳ್ಳುವುದೇ ಒಳ್ಳೆಯದು. ಬೆಂಗಳೂರಿನವರಿಗೆ ಚಿಕ್ಕಪೇಟೆ, ಎಸ್‌ಪಿ ರೋಡ್ ಸುತ್ತಿದರೆ ಎಲ್ಲ ಒಂದೇ ಕಡೆ ಸಿಗುತ್ತದೆ. ಬೇರೆ ಊರಲ್ಲೂ ದೊಡ್ಡ ಎಲೆಕ್ಟ್ರಿಕಲ್ ಅಂಗಡಿ ಒಂದು ಸಾಕು. ಪ್ರತಿ ಸಾಕೆಟ್‌ಗೆ ಸ್ವಿಚ್ ಇದ್ದರೆ ಲಾಭ ಏನಪ್ಪಾ ಅಂದರೆ, ಹೀಟರ್ ಒಂದನ್ನೇ ಆರಿಸಲು ಒದ್ದೆ ಕೈಯಲ್ಲಿ ಪ್ಲಗ್ ಕೀಳಬೇಕಾಗಿಲ್ಲ. ಇರುವ ಸಾಮಾನಿಗಿಂತ ಎರಡು ಸಾಕೆಟ್ ಜಾಸ್ತಿ ಇಡಿಸಿ. ಟೈಮರ್, ಅಡಾಪ್ಟರ್‌ಗಳು ದಪ್ಪ ಇರುತ್ತವೆ, ಪಕ್ಕದ ಸಾಕೆಟ್ಟನ್ನೂ ನುಂಗಿಬಿಡುತ್ತವೆ.

ಡ್ರಿಪ್ ಲೂಪ್

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಕಾಸು ಖರ್ಚಿಲ್ಲ.

ಟ್ಯಾಂಕ್‌ನಿಂದ ಇಳಿಯುವ ವೈರ್ ನೇರವಾಗಿ ಪ್ಲಗ್‌ಗೆ ಹೋಗಬಾರದು. ಪ್ಲಗ್‌ಗಿಂತ ಕೆಳಗೆ ಇಳಿದು, ಅಲ್ಲಿ ಬಾಗಿ, ಮತ್ತೆ ಮೇಲೆ ಹತ್ತಿ ಸಾಕೆಟ್ ಸೇರಬೇಕು. ಮನೆಯ ಹೊರಗೆ ಬಟ್ಟೆ ಒಣಹಾಕುವ ಸಡಿಲ ಹಗ್ಗದಲ್ಲಿ ಮಳೆಹನಿ ಜಾರಿ ಮಧ್ಯದ ತಗ್ಗಿಗೆ ಬಂದು ಬೀಳುತ್ತದಲ್ಲ, ಅದೇ ಲೆಕ್ಕ. ಹೀಟರ್ ವೈರ್ ಗುಂಟ ಹರಿದು ಬಂದ ನೀರು ಆ ಬಾಗಿನ ತುದಿಯಿಂದ ತೊಟ್ಟಿಕ್ಕುತ್ತದೆ, ಮೇಲೆ ಹತ್ತಲ್ಲ.

ನೀರು ವೈರ್ ಮೇಲೆ ಬರುವುದಾದರೂ ಎಲ್ಲಿಂದ ಅಂತ ಕೇಳಬಹುದು. ಮುಚ್ಚಳದ ಕೆಳಗೆ ಕಟ್ಟುವ ಆವಿ ಹನಿಗಟ್ಟಿ ವೈರ್ ಹಿಡಿದು ಇಳಿಯುತ್ತದೆ. ಏರ್ ಸ್ಟೋನ್ ಗುಳ್ಳೆ ಸಿಡಿಯುವ ಜಾಗದಲ್ಲಿ ವೈರ್ ಸದಾ ಒದ್ದೆ ಇರುತ್ತದೆ. ದೊಡ್ಡ ಮೀನು ಬಾಲ ಬಡಿದರಂತೂ ಹೇಳುವುದೇ ಬೇಡ. ಒಂದೊಂದು ಹನಿ ಅಷ್ಟೇ, ಆದರೆ ಅದು ಹಗಲು ರಾತ್ರಿ ಬರುತ್ತಲೇ ಇರುತ್ತದೆ.

ಲೂಪ್ ಸರಿಯಾಗಿ ಕೂರಲು ಬೋರ್ಡ್ ಕೆಳಗೆ ಐದಾರು ಇಂಚು ಖಾಲಿ ಜಾಗ ಬಿಡಿ. ಬಾಗಿನ ಕೆಳತುದಿ ನೆಲಕ್ಕೆ ತಾಗಬಾರದು, ಕೆಳಗಿನ ಇನ್ನೊಂದು ಪ್ಲಗ್ ಮೇಲೂ ಬರಬಾರದು. ಒಂದರ ಹನಿ ಇನ್ನೊಂದರ ತಲೆ ಮೇಲೆ ಬಿದ್ದರೆ ಏನು ಪ್ರಯೋಜನ ಅಲ್ವಾ? ಬಾಗು ಅಲುಗಾಡದ ಹಾಗೆ ಅದರ ಮೇಲ್ಭಾಗದಲ್ಲಿ, ಅಂದರೆ ವೈರ್ ಕೆಳಗಿಳಿಯುವ ಕಡೆ, ಒಂದು ಕ್ಲಿಪ್ ಹಾಕಿ. ಕೆಳತುದಿಗೆ ಕ್ಲಿಪ್ ಹಾಕಬೇಡಿ, ನೀರು ಕ್ಲಿಪ್ ಹಿಡಿದು ಪ್ಲೈವುಡ್‌ಗೆ ಇಳಿಯುತ್ತದೆ. ಗೋಡೆಯ ಸಾಕೆಟ್‌ನಿಂದ ಬೋರ್ಡ್‌ಗೆ ಬರುವ ಮುಖ್ಯ ವೈರ್‌ಗೂ ಇದೇ ಲೂಪ್ ಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ.

ಏರ್ ಪಂಪ್‌ಗೆ ಇನ್ನೊಂದು ಎಚ್ಚರಿಕೆ ಬೇಕು. ಅಲ್ಲಿ ನೀರು ವೈರ್ ಮೇಲೆ ಬರಲ್ಲ, ಗಾಳಿ ಪೈಪ್ ಒಳಗೇ ಬರುತ್ತದೆ. ಪಂಪ್ ಟ್ಯಾಂಕ್‌ಗಿಂತ ಕೆಳಗಿದ್ದು ಕರೆಂಟ್ ಹೋದರೆ, ಕೆಲವು ಸಲ ನೀರು ಸೈಫನ್ ಆಗಿ ಪೈಪ್‌ನಲ್ಲಿ ಹಿಂದಕ್ಕೆ ಇಳಿದು, ಪಂಪ್ ತುಂಬಿ, ಅಲ್ಲಿಂದ ಅದರ ವೈರ್ ಹಿಡಿದು ಬೋರ್ಡ್‌ಗೆ ಹೋಗುತ್ತದೆ. ಕರೆಂಟ್ ವಾಪಸ್ ಬಂದಾಗ ಮನೆಯಲ್ಲಿ ಯಾರೂ ಇರಲ್ಲ. ಟ್ಯಾಂಕ್ ಹತ್ತಿರ ಪೈಪ್‌ಗೆ ಗಾಳಿಯನ್ನು ಒಂದೇ ಕಡೆ ಬಿಡುವ ಚೆಕ್ ವಾಲ್ವ್ ಒಂದು ಹಾಕಿ, ಬಾಣದ ಗುರುತು ಟ್ಯಾಂಕ್ ಕಡೆ ಇರಲಿ. ಕೆಲವು ರೂಪಾಯಿಯ ಸಾಮಾನು ಅದು. ಹಳೆಯದಾದರೆ ಒಳಗಿನ ರಬ್ಬರ್ ಗಟ್ಟಿಯಾಗುತ್ತದೆ, ಆಗಾಗ ಬಾಯಲ್ಲಿ ಊದಿ ನೋಡಿ. ಎರಡೂ ಕಡೆ ಗಾಳಿ ಹೋದರೆ ಬದಲಿಸಿ.

ತೂತು, ದಾರಿ, ಕಟ್ಟು

ವೈರ್ ಒಳಗೆ ಬರುವ ತೂತು ಹಿಂಗೋಡೆಯ ಮೇಲ್ಭಾಗದಲ್ಲಿ, ಕರೆಂಟ್ ಬದಿಯಲ್ಲಿ ಇರಲಿ. ಪೈಪಿಗೆ ಬೇರೆ ತೂತು, ಇನ್ನೊಂದು ಬದಿಗೆ. ಒಂದೇ ತೂತಲ್ಲಿ ಎರಡನ್ನೂ ತುರುಕಿದರೆ ಪೈಪಿನ ಬೆವರು ಪೂರ್ತಿ ವೈರಿಗೆ. ಹೋಲ್ ಸಾ ಹಾಕಿ 50 ಅಥವಾ 60 ಮಿಲಿಮೀಟರ್ ಕೊರೆದರೆ ಪ್ಲಗ್ ಸಲೀಸಾಗಿ ಹಾಯುತ್ತದೆ. ಕಂಪ್ಯೂಟರ್ ಟೇಬಲ್‌ಗೆ ಹಾಕುವ ಪ್ಲಾಸ್ಟಿಕ್ ಕ್ಯಾಪ್ ಅದೇ ಅಳತೆಯಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹಾಕಿದರೆ ಪ್ಲೈವುಡ್ ಅಂಚು ವೈರ್ ಕೊಯ್ಯಲ್ಲ, ಕೊರೆದ ಅಂಚಿಗೆ ಸ್ವಲ್ಪ ವಾರ್ನಿಷ್ ಬಳಿದರೆ ನೀರು ಕುಡಿದು ಉಬ್ಬಲ್ಲ. ಭಾರ ಹೊರುವ ಪಕ್ಕದ ಹಲಗೆ ಮತ್ತು ನಡುವಿನ ಕಂಬ ಕೊರೆಯಬೇಡಿ. ನೀರು ತುಂಬಿದ ಮೂರಡಿ ಟ್ಯಾಂಕ್, ಕಲ್ಲು ಮರಳು ಸೇರಿ, 200 ಕಿಲೋ ಹತ್ತಿರ ಬರುತ್ತದೆ.

ಕಟ್ಟಲು ವೆಲ್ಕ್ರೋ ಪಟ್ಟಿ ಬಳಸಿ. ಜಿಪ್ ಟೈ ಬೇಕಿದ್ದರೆ ಎಂದೂ ತೆಗೆಯದ ಮುಖ್ಯ ವೈರಿಗೆ ಮಾತ್ರ, ಅದೂ ಸಡಿಲವಾಗಿ. ಬಿಗಿದು ಕಟ್ಟಿದ ಜಿಪ್ ಟೈ ನಿಧಾನಕ್ಕೆ ವೈರ್ ಹೊದಿಕೆಯೊಳಗೆ ಇಳಿಯುತ್ತದೆ. ಅಂಟಿಸುವ ಕ್ಲಿಪ್‌ಗಳ ಬಗ್ಗೆ ನನಗೆ ನಂಬಿಕೆಯಿಲ್ಲ. ಬೇಸಿಗೆಯಲ್ಲಿ ಅಂಟಿಸಿದ್ದು ಆಷಾಢದ ತೇವಕ್ಕೆ ಒಂದೊಂದೇ ಉದುರುತ್ತದೆ. ಸ್ಕ್ರೂ ಹಾಕುವ ಕ್ಲಿಪ್ಪೇ ಇರಲಿ, ಆದರೆ ಸ್ಕ್ರೂ ಉದ್ದ ಹಲಗೆ ದಪ್ಪಕ್ಕಿಂತ ಕಡಿಮೆ ಇರಬೇಕು.

ಒಂದೊಂದು ವೈರಿಗೂ ಅದರದ್ದೇ ದಾರಿ ಕೊಡಿ. ಉದ್ದ ಜಾಸ್ತಿಯಿದ್ದರೆ ಎಂಟರ ಆಕಾರದಲ್ಲಿ ಸಡಿಲವಾಗಿ ಸುತ್ತಿ, ಒಂದು ವೆಲ್ಕ್ರೋ ಹಾಕಿ, ಬೋರ್ಡ್ ಪಕ್ಕದ ಕೊಕ್ಕೆಗೆ ನೇತುಹಾಕಿ. ನಾಲ್ಕು ವೈರ್ ಇದ್ದರೆ ನಾಲ್ಕು ಕೊಕ್ಕೆ. ಫಿಲ್ಟರ್ ವೈರ್ ಮಾತ್ರ ಎಲ್ಲಕ್ಕಿಂತ ಮುಂದೆ, ಬಾಗಿಲ ಹತ್ತಿರ ಬರಲಿ, ಏಕೆಂದರೆ ಜಾಸ್ತಿ ಸಲ ಹೊರಗೆ ಬರುವುದು ಅದು. ಹೀಟರ್, ಲೈಟ್ ಹಿಂದೆ ಇದ್ದರೂ ನಡೆಯುತ್ತದೆ. ಎಲೆಕ್ಟ್ರಿಷಿಯನ್‌ಗಳು ಗೋಡೆಗೆ ಹೊಡೆಯುವ ಕೇಸಿಂಗ್ ಪಟ್ಟಿಯಲ್ಲಿ ಎಲ್ಲ ತುಂಬಿ ಮುಚ್ಚಿದರೆ ನೋಡಲು ಸಖತ್ತಾಗಿರುತ್ತದೆ, ಆದರೆ ಅದರೊಳಗೆ ಇಳಿದ ನೀರಿಗೆ ಹೊರಗೆ ಬರಲು ಬೇರೆ ದಾರಿ ಇಲ್ಲ, ನೇರ ಬೋರ್ಡ್ ಬಾಯಿಗೇ ಹೋಗುತ್ತದೆ. ಹಾಕಲೇಬೇಕು ಅಂದರೆ ಪಟ್ಟಿ ಬೋರ್ಡ್‌ಗೆ ಅರ್ಧ ಅಡಿ ಮುಂಚೆಯೇ ನಿಲ್ಲಲಿ, ಅಲ್ಲಿಂದ ಲೂಪ್ ಬರಲಿ.

ಲೈಟಿನ ಅಡಾಪ್ಟರ್ ಬಿಸಿಯಾಗುತ್ತದೆ. ಅದನ್ನು ಒದ್ದೆ ಬಟ್ಟೆ, ಮೀನಿನ ಆಹಾರದ ಪೊಟ್ಟಣಗಳ ನಡುವೆ ಹೂಳಬೇಡಿ. ಬೋರ್ಡ್ ಪಕ್ಕದ ಹಲಗೆಗೆ ವೆಲ್ಕ್ರೋ ಹಾಕಿ ನಿಲ್ಲಿಸಿ, ಸುತ್ತ ಗಾಳಿ ಆಡಲಿ.

ಚೀಟಿ ಅಂಟಿಸಿ, ಕನ್ನಡದಲ್ಲೇ ಬರೆಯಿರಿ. ವೈರ್‌ನ ಪ್ಲಗ್ ತುದಿಗೊಂದು, ಸ್ವಿಚ್ ಮೇಲೊಂದು. ರಾತ್ರಿ ಮಲಗುವ ಮುಂಚೆ ಅಮ್ಮ ಮನೆಯ ಎಲ್ಲ ಸ್ವಿಚ್ ಆರಿಸುತ್ತಾ ಬರುವ ಮನೆಯಾದರೆ ಫಿಲ್ಟರ್ ಸ್ವಿಚ್ ಮೇಲೆ "ಇದನ್ನು ಆರಿಸಬೇಡಿ" ಅಂತ ದಪ್ಪಕ್ಷರದಲ್ಲಿ ಇರಲಿ. ಬಿಲ್ ಬಗ್ಗೆ ಮಾತು ಬಂದರೆ, 20 ವ್ಯಾಟ್ ಫಿಲ್ಟರ್ ಇಡೀ ದಿನ ಓಡಿದರೂ ಅರ್ಧ ಯೂನಿಟ್ ದಾಟಲ್ಲ ಅಂತ ಹೇಳಿ.

ಆರ್‌ಸಿಸಿಬಿ

ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ ಇದು. ದುಡ್ಡು ಖರ್ಚಾಗುವ ಭಾಗ, ಇಲ್ಲಿ ಚೌಕಾಸಿ ಬೇಡ. "ಎಂಸಿಬಿ ಇದೆಯಲ್ಲ" ಅನ್ನುವವರು ಗಮನಿಸಿ. ಎಂಸಿಬಿ ಕಾಪಾಡುವುದು ವೈರನ್ನು, ನಿಮ್ಮನ್ನಲ್ಲ. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಅದು ಬೀಳುತ್ತದೆ. ಒಡೆದ ಹೀಟರ್ ಇರುವ ಟ್ಯಾಂಕ್‌ಗೆ ಕೈ ಹಾಕಿದಾಗ ನಿಮ್ಮ ಮೈಯಲ್ಲಿ ಹಾದುಹೋಗುವ ಕರೆಂಟ್ ಒಂದು ಆಂಪಿಯರ್‌ನ ಸಣ್ಣ ಭಾಗ, ಜೀವ ತೆಗೆಯಲು ಅಷ್ಟೇ ಸಾಕು. 6 ಆಂಪಿಯರ್ ಎಂಸಿಬಿಗೆ ಅದು ಗೊತ್ತೇ ಆಗಲ್ಲ.

ಆರ್‌ಸಿಸಿಬಿ ಮಾಡುವುದು ಬೇರೆ ಕೆಲಸ. ಫೇಸ್‌ನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಸದಾ ನೋಡುತ್ತಿರುತ್ತದೆ. ಸ್ವಲ್ಪ ಕಡಿಮೆ ಬಂದರೂ ಅದು ಎಲ್ಲೋ ನೀರಿಗೋ ಮನುಷ್ಯರಿಗೋ ಸೋರುತ್ತಿದೆ ಅಂತ ಅರ್ಥ, ತಕ್ಷಣ ಲೈನ್ ಕಡಿಯುತ್ತದೆ. ಮನೆಗೆ ಬೇಕಾದದ್ದು 30 ಮಿಲಿಆಂಪಿಯರ್‌ನದು. 100, 300 ಅಂತಲೂ ಬರುತ್ತದೆ, ಅವು ಬೆಂಕಿ ತಡೆಯಲು, ಶಾಕ್‌ಗೆ ಅಲ್ಲ. ಕೊಳ್ಳುವಾಗ ಮೇಲೆ ಬರೆದಿರುವ ಅಂಕಿ ಓದಿ. ಆರ್‌ಸಿಸಿಬಿ ಲೋಡ್ ಜಾಸ್ತಿಯಾದರೆ ಬೀಳಲ್ಲ, ಹಾಗಾಗಿ ಅದರ ಜೊತೆ ಎಂಸಿಬಿಯೂ ಇರಬೇಕು. ಎರಡೂ ಒಂದರಲ್ಲೇ ಇರುವ ಆರ್‌ಸಿಬಿಒ ತಗೊಂಡರೆ ಜಾಗ ಉಳಿಯುತ್ತದೆ.

ಹೊಸ ಅಪಾರ್ಟ್‌ಮೆಂಟ್‌ಗಳ ಡಿಬಿಯಲ್ಲಿ, ಅಂದರೆ ಮನೆಯ ಮುಖ್ಯ ಸ್ವಿಚ್ ಪೆಟ್ಟಿಗೆಯಲ್ಲಿ, 30 ಮಿಲಿಆಂಪಿಯರ್‌ನದು ಇರುವುದುಂಟು. ಆದರೂ ಟ್ಯಾಂಕ್‌ಗೆ ಬೇರೆ ಒಂದು ಇದ್ದರೆ ಒಳ್ಳೆಯದು, ಸಾಧ್ಯವಾದರೆ ಮನೆಯ ಆರ್‌ಸಿಸಿಬಿ ದಾಟದೆ ಬರುವ ಪ್ರತ್ಯೇಕ ಲೈನ್‌ನಲ್ಲಿ. ಇಲ್ಲದಿದ್ದರೆ ಬಚ್ಚಲುಮನೆಯ ಹಳೇ ಗೀಸರ್ ಸೋರಿದ್ದಕ್ಕೆ ಮೀನಿನ ಫಿಲ್ಟರ್ ನಿಲ್ಲುತ್ತದೆ. ಈ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮತ್ತೆ ಮುಂಚೆಯೇ ಹೇಳಿ, ಇನ್ವರ್ಟರ್ ಲೈನ್‌ನ ನ್ಯೂಟ್ರಲ್ ಇದಕ್ಕೆ ಬೆರೆಯಬಾರದು ಅಂತ. ಬೆರೆತರೆ ಏನೂ ಸೋರದಿದ್ದರೂ ಸುಮ್ನೆ ಸುಮ್ನೆ ಟ್ರಿಪ್ ಆಗುತ್ತದೆ, ಕೊನೆಗೆ ಬೇಸತ್ತು ಜನ ಅದನ್ನೇ ಕಿತ್ತುಹಾಕುತ್ತಾರೆ.

ಮೇಲಿರುವ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಅರ್ಥಿಂಗ್ ಇಲ್ಲದ ಹಳೇ ಮನೆಯಲ್ಲೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ, ಆದರೆ ಆಗ ಅದು ಬೀಳುವುದು ಯಾರಾದರೂ ಮುಟ್ಟಿದ ಮೇಲೆಯೇ. ಅರ್ಥಿಂಗ್ ಸರಿ ಇದ್ದರೆ, ಮೂರು ಪಿನ್ನಿನ ಸಾಮಾನುಗಳಲ್ಲಿ ಸೋರಿಕೆ ಶುರುವಾದಾಗಲೇ ಬೀಳುವ ಸಾಧ್ಯತೆ ಜಾಸ್ತಿ.

ಟೈಮರ್ ಮತ್ತು ಇನ್ವರ್ಟರ್

ಟೈಮರ್ ಬೇಕಾದದ್ದು ಲೈಟಿಗೆ, ಗಿಡಗಳಿಗೆ ಸಿಒ2 ಕೊಡುತ್ತಿದ್ದರೆ ಅದಕ್ಕೆ. ಫಿಲ್ಟರ್‌ಗೆ, ಹೀಟರ್‌ಗೆ ಬೇಡ. ತಿರುಗುವ ಮೆಕ್ಯಾನಿಕಲ್ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತುಬಿಡುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಲೈಟ್ ರಾತ್ರಿ ಹನ್ನೆರಡಕ್ಕೆ ಆರುತ್ತಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ವಾಸಿ.

ಇನ್ವರ್ಟರ್‌ಗೆ ಫಿಲ್ಟರ್ ಮತ್ತು ಏರ್ ಪಂಪ್ ಎರಡೇ ಸಾಕು. ಹೀಟರ್ ಹಾಕಿದರೆ ಬ್ಯಾಟರಿ ಸುಮ್ನೆ ಖಾಲಿ, ಅಷ್ಟು ನೀರು ಒಂದೆರಡು ಗಂಟೆಯಲ್ಲಿ ಅಪಾಯವಾಗುವಷ್ಟು ತಣ್ಣಗಾಗಲ್ಲ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಪಂಪ್ ಗುಂಯ್ ಅಂತ ಸದ್ದು ಮಾಡುತ್ತಾ ಬಿಸಿಯಾಗುತ್ತದೆ, ಸೈನ್ ವೇವ್ ಇದ್ದರೆ ತೊಂದರೆಯಿಲ್ಲ. ಇನ್ವರ್ಟರ್ ಇಲ್ಲದವರು ಕರೆಂಟ್ ಹೋದಾಗ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಂಡರೆ ನಡೆಯುತ್ತದೆ. ಇನ್ವರ್ಟರ್ ಇದ್ದವರು ಒಂದು ಮಾತು ಮರೆಯಬೇಡಿ: ಕರೆಂಟ್ ಹೋಗಿದೆ ಅಂತ ಟ್ಯಾಂಕ್‌ಗೆ ಧೈರ್ಯವಾಗಿ ಕೈ ಹಾಕಬೇಡಿ, ಅಲ್ಲಿ ಇನ್ನೂ 230 ವೋಲ್ಟ್ ಇರುತ್ತದೆ. ಇನ್ವರ್ಟರ್‌ನಿಂದ ಬರುವ ಸಾಕೆಟ್‌ಗೂ ಅದರದ್ದೇ ಒಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ.

ಕರಾವಳಿಯವರಿಗೆ ಎರಡು ಮಾತು

ಮಂಗಳೂರು, ಉಡುಪಿ, ಕಾರವಾರದ ಕಡೆ ಹೀಟರ್ ಅಷ್ಟಾಗಿ ಬೇಕಾಗಲ್ಲ, ಆದರೆ ಗಾಳಿಯ ಉಪ್ಪು ಪಿನ್ನುಗಳನ್ನು ತಿನ್ನುತ್ತದೆ. ವರ್ಷಕ್ಕೊಮ್ಮೆ ಪ್ಲಗ್ ಕಿತ್ತು ಹಸಿರುಗಟ್ಟಿದೆಯಾ ನೋಡಿ. ಸಮುದ್ರದ ನೀರಿನ ಟ್ಯಾಂಕ್ ಇಟ್ಟವರಿಗೆ, ಊರು ಯಾವುದೇ ಇರಲಿ, ಇದು ಪ್ರತಿ ತಿಂಗಳ ಕೆಲಸ. ವೈರ್ ಮೇಲೆ ಬಿಳಿ ಉಪ್ಪು ಹರಳುಗಟ್ಟುತ್ತಾ ನಿಧಾನಕ್ಕೆ ಬೋರ್ಡ್ ಕಡೆ ಬೆಳೆಯುತ್ತದೆ, ತೇವ ಹೀರಿದ ಉಪ್ಪು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆದರೆ ಪ್ಲಗ್ ಕಿತ್ತ ಮೇಲೆ.

ನೀರು ಬದಲಿಸುವ ದಿನ

ಶುರುಮಾಡುವ ಕಾಲು ಗಂಟೆ ಮುಂಚೆ ಹೀಟರ್ ಆರಿಸಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದು, ಮತ್ತೆ ತಣ್ಣೀರು ತಾಗಿದರೆ ಗಾಜು ಸೀಳುತ್ತದೆ. ಆಮೇಲೆ ಉಳಿದದ್ದೂ ಆರಿಸಿ ಕೈ ಹಾಕಿ. ಮುಗಿದ ಮೇಲೆ ಸ್ವಿಚ್ ಹಾಕುವ ಮುಂಚೆ ವೈರ್‌ಗಳ ಬಾಗು ಹಾಗೇ ಇದೆಯಾ, ಯಾವುದಾದರೂ ಎಳೆದು ನೇರವಾಗಿದೆಯಾ ಅಂತ ಒಮ್ಮೆ ಬಗ್ಗಿ ನೋಡಿ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಬೋರ್ಡ್ ಒದ್ದೆಯಾಗಿದ್ದು ಕಂಡರೆ, ಅದನ್ನು ಮುಟ್ಟಬೇಡಿ, ಅದರ ಸ್ವಿಚ್ ಕೂಡ. ನೆಲದ ಮೇಲೆ ನೀರಿದ್ದರೆ ಅದರಲ್ಲಿ ಕಾಲಿಡಬೇಡಿ. ಡಿಬಿಗೆ ಹೋಗಿ ಮೇನ್ ಆರಿಸಿ, ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ, ಆಮೇಲೆ ವಾಪಸ್ ಬಂದು ಪ್ಲಗ್‌ಗಳನ್ನು ಕೀಳಿ. ಫಿಲ್ಟರ್, ಏರ್ ಪಂಪ್ ಪ್ಲಗ್ ಒಣಗಿದ್ದರೆ ಬೇರೆ ಸಾಕೆಟ್‌ಗೆ ಹಾಕಿ ಮೀನುಗಳನ್ನು ನೋಡಿಕೊಳ್ಳಿ. ಒದ್ದೆಯಾದ ಬೋರ್ಡನ್ನು ಬಿಸಿಲಿಗಿಟ್ಟು ಮತ್ತೆ ಬಳಸುವ ಆಸೆ ಬೇಡ. ಒಳಗಿನ ಹಿತ್ತಾಳೆ ಕಿಲುಬು ಹಿಡಿಯಲು ಶುರುವಾಗಿರುತ್ತದೆ, ಹೊರಗಿಂದ ಕಾಣಲ್ಲ. ಹೊಸದು ತನ್ನಿ. ತಂದ ಮೇಲೆ ಸಿಕ್ಕಿಸುವ ಮುಂಚೆ ನೀರು ಎಲ್ಲಿಂದ ಬಂತು ಅಂತ ಹುಡುಕಿ: ಮೊದಲು ಫಿಲ್ಟರ್ ಮುಚ್ಚಳದ ರಬ್ಬರ್ ರಿಂಗ್, ಆಮೇಲೆ ಪೈಪ್ ಜಾಯಿಂಟ್, ಆಮೇಲೆ ಚೆಕ್ ವಾಲ್ವ್, ಕೊನೆಗೆ ಟ್ಯಾಂಕ್‌ನ ಸಿಲಿಕೋನ್. ಜಾಸ್ತಿ ಸಲ ಮೊದಲ ಎರಡರಲ್ಲೇ ಸಿಗುತ್ತದೆ.